ಸೀಲಿಂಗಿನ ಮೇಲಿನ ಇಲಿ

ಯಲ್ಲೇಶನ ಮನೆಗೆ ಹೋದವರು ಹೊಸ್ತಿಲು ದಾಟಿದ ಕೂಡಲೇ ತಲೆ ಎತ್ತಿ ಮೇಲೆ ನೋಡಬೇಕು. ನೋಡದಿದ್ದರೆ ಚಹಾ ಸಿಗುವುದಿಲ್ಲ ಅಂತಲ್ಲ, ಸಿಗುತ್ತದೆ. ಆದರೆ ಅವನು ಒಂದು ಸಲ ಕೆಮ್ಮಿ, ಸ್ವಿಚ್ ಒತ್ತಿ, "ಹ್ಯಾಂಗ್ ಐತ್ರಿ?" ಅಂತ ಕೇಳಿಯೇ ತೀರುತ್ತಾನೆ. ಮೇಲೆ ಹಾಲಿನಂಥ ಬಿಳಿಯ ಪಿಓಪಿ ಸೀಲಿಂಗು. ಅದರೊಳಗೆ ಸಾಲಾಗಿ ಹುದುಗಿಸಿದ ದುಂಡನೆಯ ಲೈಟುಗಳು. ಗೋಕಾಕದ ಹೊರವಲಯದ ಆ ಓಣಿಯಲ್ಲಿ ಇಂಥದ್ದು ಇನ್ನೊಂದು ಮನೆಯಲ್ಲಿ ಇಲ್ಲ. ಆದರೆ ಆ ಸೀಲಿಂಗಿನ ಮೇಲೆ ಏನಿದೆ ಅಂತ ಮಾತ್ರ ಕೇಳಬಾರದು. ಮೇಲಿರುವುದು ತಗಡು. ಬರೀ ತಗಡು.

ಅದರಲ್ಲೇನು ಮರ್ಯಾದೆ ಹೋಗುವಂಥದ್ದಿದೆ ಅಂತ ನೀವು ಅನ್ನಬಹುದು. ಯಲ್ಲೇಶನ ಕಸುಬು ಗೊತ್ತಿದ್ದವರು ಹಾಗೆ ಅನ್ನುವುದಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಕಡೆಯ ಬಂಗಾರದ ಅಂಗಡಿಗಳಲ್ಲಿ, ಬ್ಯೂಟಿ ಪಾರ್ಲರುಗಳಲ್ಲಿ, ಹೊಸದಾಗಿ ಮನೆ ಕಟ್ಟಿದವರ ಪಡಸಾಲೆಗಳಲ್ಲಿ ಸೀಲಿಂಗ್ ಲೈಟು ಕೂರಿಸುವವನು ಅವನೇ. ಅವನ ಮನೆಯೇ ಅವನ ಶೋರೂಮು. ಗಿರಾಕಿಯನ್ನು ಕರೆತಂದು, ಪರದೆ ಎಳೆದು, ಹಾಡುಹಗಲಲ್ಲೇ ಲೈಟು ಹಚ್ಚಿ ತೋರಿಸುತ್ತಾನೆ. ಕೆಳಗೆ ನಿಂತವರಿಗೆ ತಗಡು ಕಾಣುವುದಿಲ್ಲವಲ್ಲ, ಅಷ್ಟು ಸಾಕು ಅವನಿಗೆ.

ಕಾಣದಂತೆ ಮುಚ್ಚುವುದು ಅವನಿಗೆ ಚಿಕ್ಕಂದಿನಿಂದ ಬಂದ ಚಾಳಿ. ಹುಟ್ಟಿದ್ದು ಮಮದಾಪುರದಲ್ಲಿ, ಕುರುಬರ ಮನೆಯಲ್ಲಿ. ಮಳೆಗಾಲದಲ್ಲಿ ತಾಯಿ ಲಗಮವ್ವ ಕಂಬಳಿಯ ಕೊಪ್ಪೆ ಮಾಡಿ ತಲೆಗೆ ಹಾಕಿ ಸಾಲೆಗೆ ಕಳಿಸುತ್ತಿದ್ದಳು. ಒಳಗಿದ್ದ ಹುಡುಗನ ಮೈಗೆ ಒಂದು ಹನಿ ತಾಗುತ್ತಿರಲಿಲ್ಲ, ಖರೆ. ಆದರೆ ನೆನೆದ ಕಂಬಳಿಯ ವಾಸನೆ ಎಂಥದ್ದು ಅಂತ ಗೊತ್ತಿದ್ದವರಿಗೆ ಗೊತ್ತು. ಬಾಜೂ ಕೂತವರು ಮೂಗು ಹಿಡಿದುಕೊಂಡು ಆಚೆ ಸರಿಯುತ್ತಿದ್ದರು. ಮಾಸ್ತರರು ಬೈಯಲಿಲ್ಲ, "ನೀ ಬಾಗಲ ಹಂತ್ಯಾಕ ಕುಂದರ್ಪಾ, ಗಾಳಿ ಬರತೈತಿ" ಅಂದರು. ಬೈದಿದ್ದರೆ ಮರೆತುಬಿಡುತ್ತಿದ್ದನೋ ಏನೋ. ಆ ಸಮಾಧಾನದ ಮಾತು ಮಾತ್ರ ಎದೆಯಲ್ಲಿ ಹಾಗೇ ಕೂತುಬಿಟ್ಟಿತು. ಅಣ್ಣ ಭೀಮಶಿ ಕುರಿಗಳ ಹಿಂದೆ ಹೋದ, ಇವನು ವೈರಿಂಗ್ ಕಲಿಯಲು ಗೋಕಾಕಕ್ಕೆ ಬಂದ. ಗಿರಾಕಿಗಳು ಊರು ಕೇಳಿದರೆ ಹೇಳುತ್ತಿದ್ದ. ಮನೆತನ ಕೇಳಿದರೆ, "ಒಕ್ಕಲುತನ ಐತ್ರಿ" ಅಂತ ಮಾತು ಹಾರಿಸುತ್ತಿದ್ದ.

ಅವನ ಹೆಂಡತಿ ಶೈಲಾ ಹೆತ್ತಳು. ಲಗಮವ್ವ ಮೊಮ್ಮಗಳನ್ನು ನೋಡಿಕೊಳ್ಳಲು ಬಂದು ಮಗನ ಮನೆಯಲ್ಲೇ ಉಳಿದಳು. ಬೇಸಿಗೆ ಬಂತು. ಗೋಕಾಕದ ಬೇಸಿಗೆಯಲ್ಲಿ ತಗಡಿನ ಮನೆ ಅಂದರೆ ಕಾದ ಹಂಚು. ಸೀಲಿಂಗಿನಿಂದ ಝಳ ಇಳಿದು ತೊಟ್ಟಿಲ ಮೇಲೆ ಬೀಳುತ್ತಿತ್ತು. ಕೂಸಿನ ಕತ್ತು, ಬೆನ್ನು ಎಲ್ಲ ಕೆಂಪು ಗುಳ್ಳೆ. ಅದು ಅತ್ತು ಅತ್ತು ದನಿಯೇ ಕಟ್ಟಿಹೋಗುತ್ತಿತ್ತು. ಮುದುಕಿಗೆ ಅದನ್ನು ನೋಡಲಾಗಲಿಲ್ಲ.

ಒಂದು ದಿನ ಊಟಕ್ಕೆ ಕೂತಾಗ ಕೇಳಿದಳು. "ಯಲ್ಲ್ಯಾ, ಭೀಮಶಿ ಕಡೆ ಕುರಿ ಕತ್ತರಿಸಿದ ಉಣ್ಣಿ ಚೀಲ ಬಿದ್ದಾವ. ಈಗ ಯಾರೂ ತಗೊಳ್ಳಂಗಿಲ್ಲ. ಅದನ್ನ ಮ್ಯಾಲ ಹಾಸಿದ್ರ ಝಳ ತಡೀತೈತೇನೋ?"

ಯಲ್ಲೇಶನ ಕಣ್ಣು ಮೊಬೈಲಿನಲ್ಲಿತ್ತು. ಸಂಕೇಶ್ವರದ ಸೂರಜ ಸಾಹೇಬರು ಮೆಸೇಜು ಹಾಕಿದ್ದರು. ಅವರು ಎಂಜಿನಿಯರು. ಹೈವೇ ಬದಿಗೆ ದೊಡ್ಡದೊಂದು ಲಾಡ್ಜು ಕಟ್ಟಿಸುತ್ತಿದ್ದರು. ಅದರ ಲೈಟಿನ ಕೆಲಸ ಪೂರಾ ತನಗೆ ಸಿಕ್ಕೀತೆಂದು ಯಲ್ಲೇಶ ಜೀವ ಹಿಡಿದುಕೊಂಡು ಕಾಯುತ್ತಿದ್ದ.

"ಹೂಂನವ್ವಾ, ನಿನಗ ಹ್ಯಾಂಗ ಬೇಕೋ ಹಂಗ ಮಾಡು" ಅಂದ.

ಕೇಳಿದ್ದು ಏನು, ತಾನು ಹೇಳಿದ್ದು ಏನು, ಆ ಪುಣ್ಯಾತ್ಮನಿಗೆ ಎರಡೂ ಗೊತ್ತಿರಲಿಲ್ಲ.

ಮರುದಿನ ಅವನು ಕೆಲಸಕ್ಕೆಂದು ಮೂಡಲಗಿಗೆ ಹೋದ. ಇತ್ತ ಲಗಮವ್ವ ಚೀಲ ತರಿಸಿದಳು. ಉಣ್ಣೆಯೊಳಗಿನ ಮುಳ್ಳು, ಹಿಕ್ಕೆ ಆರಿಸಿ, ಹೂವಿನಂತೆ ಹಿಂಜಿದಳು. ಬಚ್ಚಲ ಮೇಲ್ಗಡೆ ಸೀಲಿಂಗಿಗೆ ಒಂದು ಕಿಂಡಿ ಇತ್ತು. ನೆರೆಮನೆಯ ಕಾಶೆವ್ವ ನಿಚ್ಚಣಿಕೆ ಹಿಡಿದಳು, ಮುದುಕಿ ಹತ್ತಿದಳು. ಪಿಓಪಿಯ ಮೇಲೆ ಕಾಲಿಡುವಂತಿಲ್ಲ, ಮುರಿದುಬಿಡುತ್ತದೆ. ಅದಕ್ಕೂ ಅವಳ ಬಳಿ ಉಪಾಯವಿತ್ತು. ಕುರಿಗಳಿಗೆ ಜಾಲಿಯ ಟೊಂಗೆ ಜಗ್ಗುವ ಉದ್ದನೆಯ ದೋಟಿಯನ್ನು ಊರಿನಿಂದ ಬರುವಾಗ ತಂದಿದ್ದಳು, ಆ ಕೋಲಿನ ತುದಿಯಿಂದಲೇ ಉಣ್ಣೆಯ ಪದರಗಳನ್ನು ಮೂಲೆಮೂಲೆಗೆ ದೂಡಿ ಹಾಸಿದಳು. ಲೈಟುಗಳ ಮೇಲೆ ಬಂದಾಗ ಒಂದು ಕ್ಷಣ ಯೋಚಿಸಿದಳು.

"ಇವೂ ಕಾಯ್ತಾವಲ್ಲ ಕಾಶೆವ್ವಾ. ಇವುಗಳ ಝಳಾನೂ ಕೂಸಿನ ಮ್ಯಾಲ ಬೀಳತೈತಿ" ಅಂತ ಹೇಳಿ ಅಲ್ಲಿ ಎರಡು ಪದರ ಹಾಕಿದಳು.

ಬೆಂಕಿಯ ಭಯ ಅವಳಿಗೆ ಬರಲೇ ಇಲ್ಲ. ಯಾಕೆ ಬಂದೀತು? ಹಟ್ಟಿಯಲ್ಲಿ ಜೀವಮಾನವೆಲ್ಲ ಒಲೆಯ ಬದಿಗೆ ಕಂಬಳಿ ಹೊದ್ದು ಮಲಗಿದವಳು. ಕಿಡಿ ಹಾರಿ ಬಿದ್ದರೆ ಕಂಬಳಿ ಭಗ್ಗೆಂದು ಹೊತ್ತಿಕೊಳ್ಳುವುದಿಲ್ಲ. ಕೊಡವಿದರೆ ಆಯಿತು. ಹುಲ್ಲಿಗೆ ಬೆಂಕಿ ಬಿದ್ದಾಗ ಕಂಬಳಿಯಿಂದಲೇ ಬಡಿದು ಆರಿಸಿದ್ದಳು. ಆದರೆ ಕಿಡಿ ಒಂದು ಸಲ ಬಿದ್ದು ಹೋಗುತ್ತದೆ. ಲೈಟು ಹಾಗಲ್ಲ, ತಾಸುಗಟ್ಟಲೆ ಒಂದೇ ಕಡೆ ಕಾಯುತ್ತ ಕೂರುತ್ತದೆ. ಅದರ ಬೆನ್ನಿಗೆ ಗಾಳಿ ಆಡದಿದ್ದರೆ ಕಾವು ಹೋಗಲು ದಾರಿ ಇಲ್ಲದೆ ತನ್ನನ್ನೂ ಸುಟ್ಟುಕೊಂಡು ಮೇಲಿದ್ದದ್ದನ್ನೂ ಸುಡುತ್ತದೆ. ಇದು ಅವಳಿಗೆ ಗೊತ್ತಿರಬೇಕಾಗಿರಲಿಲ್ಲ. ಗೊತ್ತಿರಬೇಕಾದವನು "ಹೂಂ" ಅಂದು ಎದ್ದು ಹೋಗಿದ್ದ.

ಮನೆ ತಂಪಾಯಿತು. ಕೂಸು ಮಧ್ಯಾಹ್ನ ನಿದ್ದೆ ಹೋಯಿತು. ಯಲ್ಲೇಶ ಸಂಜೆ ಬಂದು ಅಂಗಿ ಬಿಚ್ಚುತ್ತ, "ನೋಡು ಶೈಲಾ, ಪಿಓಪಿ ಅಂದ್ರ ಪಿಓಪಿ! ಹ್ಯಾಂಗ ತಂಪು ಇಟ್ಟೈತಿ" ಅಂದ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡು ಸೆರಗಿನಲ್ಲಿ ನಕ್ಕರು. ತಾನೇ ಕಂಡುಹಿಡಿಯಲಿ ಅಂತ ಬಿಟ್ಟರು.

ಸೂರಜ ಸಾಹೇಬರು ಒಂದು ಭಾನುವಾರ ಊಟಕ್ಕೆ ಬಂದರು. ಬೆಳಿಗ್ಗೆಯಿಂದಲೇ ಪರದೆ ಎಳೆದು ಎಲ್ಲ ಲೈಟು ಹಚ್ಚಿಟ್ಟಿದ್ದ ಯಲ್ಲೇಶ. ತಾಯಿಗೆ ಹೇಳಿದ್ದ, "ಯವ್ವಾ, ನೀ ಅಡಗಿಮನ್ಯಾಗ ಇರು. ಸಾಹೇಬ್ರು ಬರ್ತಾರ." ಅವಳು ರೊಟ್ಟಿ ಬಡಿಯುತ್ತಿದ್ದಳು, "ಆತಪ್ಪ" ಅಂದಳು. ಸಾಹೇಬರು ಮೆತ್ತಗಿನ ಮಾತಿನ ಮನುಷ್ಯ. ತಲೆ ಎತ್ತಿ ನೋಡಿ, "ಛಲೋ ಮಾಡೀ" ಅಂದರು. ಯಲ್ಲೇಶನ ಎದೆ ಉಬ್ಬಿತು. ತಾಟು ಬಂತು, ರೊಟ್ಟಿ ಬಂತು, ಎಣ್ಣೆಗಾಯಿ ಬಂತು.

ಅಷ್ಟರಲ್ಲಿ ತಾಟಿನ ನೇರಕ್ಕೆ ಮೇಲಿದ್ದ ಲೈಟು ಮಿಣಕ್ ಮಿಣಕ್ ಅಂದಿತು. ಮಂಕಾಯಿತು. ಆರಿತು. ಅದರ ಹಿಂದೆಯೇ ವಾಸನೆ. ಕೂದಲು ಸುಟ್ಟಂಥ, ಉಗುರು ಸುಟ್ಟಂಥ ವಾಸನೆ. ಲೈಟಿನ ಅಂಚಿನಿಂದ ನೂಲಿನಂಥ ಹೊಗೆ ಇಳಿಯಿತು. ಯಲ್ಲೇಶ ಓಡಿಹೋಗಿ ಮೇನ್ ಸ್ವಿಚ್ ಕೆಳಗೆ ಮಾಡಿದ, ಸ್ಟೂಲು ಎಳೆದು ಹತ್ತಿ ಲೈಟನ್ನು ಕೆಳಕ್ಕೆ ಜಗ್ಗಿದ. ಲೈಟಿನ ಜೊತೆಗೆ ಒಂದು ಮುದ್ದೆ ಉಣ್ಣೆ, ಒಂದು ಬದಿಗೆ ಕರಿಗಂಟು ಕಟ್ಟಿ, ಇನ್ನೊಂದು ಬದಿಗೆ ಬೆಳ್ಳಗೆ, ಸೀದಾ ಸಾಹೇಬರ ತಾಟಿನಲ್ಲಿ, ಎಣ್ಣೆಗಾಯಿಯ ಮೇಲೆ ಬಿತ್ತು.

"ಏನಿದು ಯಲ್ಲೇಶ?" ಅಂದರು ಸಾಹೇಬರು.

ಯಲ್ಲೇಶನಿಗೆ ಒಂದೇ ಉಸಿರಿಗೆ ಎಲ್ಲ ತಿಳಿಯಿತು. ಊಟದ ಹೊತ್ತಿನ ಆ "ಹೂಂ" ನೆನಪಾಯಿತು. ಹೇಳಬಹುದಿತ್ತು. ಆದರೆ ವಾಸನೆ ಮೂಗಿಗೆ ಬಡಿದಿತ್ತು, ಸಾಹೇಬರು ಕರ್ಚೀಪು ತೆಗೆದು ಮೂಗಿಗೆ ಹಿಡಿದಿದ್ದರು. ಸಾಲೆಯ ಬಾಗಿಲ ಹತ್ತಿರ ಕೂತ ಹುಡುಗನಿಗೆ ಅದಕ್ಕಿಂತ ಹೆಚ್ಚೇನು ಬೇಕು?

"ಇಲಿ ಸರ್" ಅಂದ. "ಇಲಿ ಗೂಡು ಕಟ್ಟ್ಯಾವ. ಎಲ್ಲಿಂದೋ ಹೊಲಸು ತಂದು ತುಂಬ್ಯಾವ."

ಹೇಳಿ ಮುಗಿಸಿದಾಗ ಲಗಮವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಬಿಸಿ ರೊಟ್ಟಿ. ಸಾಹೇಬರು ಅವಳ ಕಡೆ ನೋಡಿದರು. ಮಗ ನೆಲ ನೋಡಿದ.

"ಹೌದ್ರಿ ಯಪ್ಪಾ" ಅಂದಳು ಮುದುಕಿ. "ಈ ಮನ್ಯಾಗ ಒಂದು ದೊಡ್ಡ ಇಲಿ ಐತ್ರಿ."

ರೊಟ್ಟಿಯನ್ನು ಬುಟ್ಟಿಯಲ್ಲಿಟ್ಟು, ತಾಟು ಬದಲಿಸಿ ಕೊಟ್ಟು, ಒಳಗೆ ಹೋದಳು. ಸಾಹೇಬರು ಕೈ ತೊಳೆದುಕೊಂಡು, "ಇಲಿ ಕಾಟ ಮೊದಲು ಮುಗಿಸು. ಮ್ಯಾಲಿಂದೆಲ್ಲಾ ಬಿಚ್ಚಿ ನೋಡು. ಮುಂದಿನ ವಾರ ಬರ್ತೇನಿ, ಆವಾಗ ಲಾಡ್ಜಿನ ಮಾತು" ಅಂದು ಹೋದರು.

ಅವರ ಕಾರು ತಿರುವು ದಾಟಿದ್ದೇ ತಡ, ಯಲ್ಲೇಶ ಅಡಿಗೆಮನೆಗೆ ನುಗ್ಗಿದ. ತಪ್ಪು ಮಾಡಿದವರ ಗಂಟಲು ಯಾವಾಗಲೂ ದೊಡ್ಡದು. "ಯಾರಿಗೆ ಕೇಳಿ ತುಂಬಿದ್ರಿ ಅದನ್ನ? ಮನಿ ಸುಟ್ಟಿದ್ರ?"

"ನಿಮಗ ಕೇಳಿನ ತುಂಬ್ಯಾರ" ಅಂದಳು ಶೈಲಾ, ಕೂಸನ್ನು ಹೆಗಲಿಗೆ ಹಾಕಿಕೊಂಡು. "ಹೂಂ ಅಂದವರು ನೀವ. ಈಗ ಅತ್ತಿಯವ್ರಿಗೆ ಇಲಿ ಅಂತೀರಿ. ನಾಚಿಕಿ ಬರಂಗಿಲ್ಲೇನ್ರಿ ನಿಮಗ?"

"ಹೋಗ್ಲಿ ಬಿಡ ಶೈಲಾ" ಅಂದಳು ಲಗಮವ್ವ, ಹಂಚು ಇಳಿಸುತ್ತ. "ಇಲಿಗೆ ಲೈಟಿಂದೇನು ತಿಳೀತೈತಿ."

ಮರುದಿನ ಬೆಳಿಗ್ಗೆ ಸೀರೆಯ ಗಂಟು ಕಟ್ಟಿಕೊಂಡು, ದೋಟಿ ಹೆಗಲಿಗಿಟ್ಟುಕೊಂಡು ಹೊರಟಳು. ಹುಕ್ಕೇರಿ ಕಡೆ ಭೀಮಶಿಯ ಕುರಿಗಳ ಹಟ್ಟಿ ಬೀಡುಬಿಟ್ಟಿತ್ತು, ಅಲ್ಲಿಗೆ. ಯಲ್ಲೇಶನಿಗೆ "ಹೋಗಬ್ಯಾಡವ್ವಾ" ಅನ್ನಲು ಬಾಯಿ ಬರಲಿಲ್ಲ. "ಬಸ್‌ಸ್ಟ್ಯಾಂಡಿಗೆ ಬಿಡ್ಲೇನು?" ಅಂದ. ಅಂದಮೇಲೆ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕೆನಿಸಿತು.

"ಆಟೋ ಅದಾವ" ಅಂದಳು ಅವಳು.

ಅವಳು ಹೋದಮೇಲೆ ಯಲ್ಲೇಶ ಟಾರ್ಚು ಹಿಡಿದು ಕಿಂಡಿಯೊಳಗೆ ತಲೆ ಹಾಕಿದ. ಹೊಲಸು ಅಂದಿದ್ದನಲ್ಲ, ಹೊಲಸು ಎಲ್ಲಿತ್ತು? ಉಣ್ಣೆ ಒಂದೇ ದಪ್ಪಕ್ಕೆ, ಒಂದು ಮುಳ್ಳಿಲ್ಲದೆ, ಬಾಣಂತಿಯ ಹಾಸಿಗೆಯಂತೆ ಹರಡಿತ್ತು. ಅಲ್ಲಲ್ಲಿ ಲೈಟುಗಳ ಮೇಲೆ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಅದನ್ನು ಸರಿಸಿದ. ಕೆಳಗೆ ಅವನದೇ ಕೈಕೆಲಸ ಕಂಡಿತು. ಹೆಣೆದುಕೊಂಡ ವೈರುಗಳು, ಡಬ್ಬಿಯೊಳಗೆ ಇರಬೇಕಾದ ಜೋಡಣೆಗಳು ಬರೀ ಟೇಪು ಸುತ್ತಿಕೊಂಡು ಬಿದ್ದಿದ್ದವು. ಕಾವಿಗೆ ಟೇಪು ಕರಗಿ ಅಂಟಂಟಾಗಿ ಬಿಚ್ಚಿಕೊಂಡು ಒಂದು ಕಡೆ ತಾಮ್ರವೇ ಹೊರಗೆ ಇಣುಕುತ್ತಿತ್ತು. ಗಿರಾಕಿಗಳ ಮನೆಯಲ್ಲಿ ಹೀಗೆ ಬಿಟ್ಟವನಲ್ಲ. ತನ್ನ ಮನೆ, ಮೇಲೆ ಹತ್ತಿ ಯಾರು ನೋಡುತ್ತಾರೆ ಅಂತ ಬಿಟ್ಟಿದ್ದ. ಅದರ ನೇರಕ್ಕೆ ಕೆಳಗೆ ತೊಟ್ಟಿಲು.

ಅಲ್ಲೇ ನಿಚ್ಚಣಿಕೆಯ ಮೇಲೆ ಅವನಿಗೆ ಮೈಯೆಲ್ಲ ನಾಚಿಕೆ ಹತ್ತಿತು. ಇಷ್ಟು ವರ್ಷ ಉಣ್ಣೆಗೆ ನಾಚಿಕೊಂಡಿದ್ದನಲ್ಲ, ಅದು ನಾಚಿಕೆಯೇ ಆಗಿರಲಿಲ್ಲ. ನಿಜವಾದ ನಾಚಿಕೆ ಅಂದರೆ ಹೀಗೆ ಇರುತ್ತದೆ ಅಂತ ಆಗ ಗೊತ್ತಾಯಿತು.

ಅವತ್ತೇ ಹುಕ್ಕೇರಿ ಬಸ್ಸು ಹತ್ತಿದ. ಕಬ್ಬು ಕಟಾವಾದ ಹೊಲದಲ್ಲಿ ಹಟ್ಟಿ ಬಿದ್ದಿತ್ತು. ಲಗಮವ್ವ ಒಂದು ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕಾಲಿನ ಮುಳ್ಳು ತೆಗೆಯುತ್ತಿದ್ದಳು. ಮಗನನ್ನು ನೋಡಿ ತಲೆ ಎತ್ತಲಿಲ್ಲ.

"ಇಲಿ ಹುಡಕ್ಕೊಂತ ಇಷ್ಟು ದೂರ ಬಂದ್ಯೇನು?" ಅಂದಳು.

ಭೀಮಶಿ ಪಕ್ಕದಲ್ಲೇ ಇದ್ದ, ಬೇರೆ ಕಡೆ ತಿರುಗಿ ಕೆಮ್ಮಿದ. ಯಲ್ಲೇಶ ಮಣ್ಣಿನ ಹೆಂಟೆಯ ಮೇಲೆ ಕೂತ. "ಯವ್ವಾ, ತಪ್ಪಾತು" ಅಂದ.

"ಏನ್ ತಪ್ಪಾತು?"

"ಅಂದದ್ದು."

"ನನಗ ಯಾಕ ಹೇಳ್ತಿ? ನೀ ನನಗ ಅಂದೇನು? ಸಾಹೇಬ್ರ ಮುಂದ ಅಂದಿ. ತಿರುಗಿ ಹೇಳೂದಿದ್ರ ಅವ್ರ ಮುಂದನ ಹೇಳು." ಮುಳ್ಳು ಕಿತ್ತು ಬಂತು, ಮರಿಯನ್ನು ಬಿಟ್ಟಳು, ಅದು ಕುಂಟುತ್ತ ಓಡಿತು. "ನಾನೂ ತಪ್ಪು ಮಾಡೀನಿ. ಕೂಸಿನ ಮ್ಯಾಲ ಬೆಂಕಿ ಹಾಸಿ ಬಂದೆ, ಗೊತ್ತಿಲ್ದ. ಅದನ್ನ ಬಂದು ಸರಿ ಮಾಡ್ತೇನಿ. ಆದ್ರ ನೀ ಹೇಳೂತನಾ ನಿನ್ನ ಮನ್ಯಾಗ ನೀರು ಮುಟ್ಟಂಗಿಲ್ಲ."

ಮುದುಕಿ ಆಡಿದ ಮಾತಿಗೆ ತಪ್ಪುವವಳಲ್ಲ. ಮಗನ ಜೊತೆ ಬಂದಳು. ಕೂಸನ್ನು ಆಡಿಸಿದಳು, ತೊಟ್ಟಿಲು ತೂಗಿದಳು, ಕೆಲಸಕ್ಕೆ ನಿಂತಳು. ಆದರೆ ನೀರಡಿಕೆಯಾದರೆ ಕಾಶೆವ್ವನ ಮನೆಗೆ, ಉಣ್ಣಲು ಕಾಶೆವ್ವನ ಮನೆಗೆ. ಕಾಶೆವ್ವನ ದನಿಯೋ, ಓಣಿಯ ಆ ತುದಿಗೆ ಕೇಳುವಂಥದ್ದು. "ಏನ್ ಯಲ್ಲೇಶಾ, ನಿಮ್ಮ ಮನಿಗೆ ನಳ ಬಂದಿಲ್ಲೇನೋ? ಅವ್ವ ನಮ್ಮ ಮನ್ಯಾಗ ನೀರು ಕುಡ್ಯಾಕತ್ತಾಳ!" ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡುವರು. ಯಲ್ಲೇಶ ತಲೆ ತಗ್ಗಿಸಿ ಕೆಲಸ ಮಾಡಿದ.

ಕರೆಂಟು ಪೂರಾ ತೆಗೆದು, ಉಣ್ಣೆಯೆಲ್ಲ ಇಳಿಸಿದರು. ಸುಟ್ಟದ್ದನ್ನು ಬೇರೆ ಮಾಡಿದರು. ಉಳಿದದ್ದನ್ನು ಲಗಮವ್ವ ಸೀಗೆಯ ನೀರಲ್ಲಿ ತೊಳೆದು ತಗಡಿನ ಮೇಲೆಯೇ ಒಣಹಾಕಿದಳು. ಇವನು ಸೀಲಿಂಗಿನ ಒಂದೊಂದು ಭಾಗವನ್ನು ಬಿಚ್ಚಿ, ಪ್ರತಿ ಜೋಡಣೆಯನ್ನೂ ಡಬ್ಬಿಯೊಳಗೆ ಕೂರಿಸಿ, ವೈರುಗಳನ್ನು ಎತ್ತಿ ಕಟ್ಟಿದ. ಸುಟ್ಟ ಲೈಟುಗಳನ್ನು ಬದಲಿಸಿದ. ಎಣ್ಣೆ ಡಬ್ಬಿಗಳ ತಗಡು ಕತ್ತರಿಸಿ ಅಗಲವಾದ ಬಳೆಗಳನ್ನು ಮಾಡಿ, ಪ್ರತಿ ಲೈಟಿನ ಸುತ್ತ ಗೇಣಿನಷ್ಟು ಜಾಗ ಖಾಲಿ ಬಿಟ್ಟು ನಿಲ್ಲಿಸಿದ. ಒಣಗಿದ ಉಣ್ಣೆಯನ್ನು ಮತ್ತೆ ಹಾಸಿದರು, ಉಣ್ಣೆ ಬಳೆಯ ಹೊರಗೆ, ಲೈಟು ಅದರ ಒಳಗೆ. ಲೈಟಿನ ಮೇಲೆ ಏನನ್ನೂ ಮುಚ್ಚಲಿಲ್ಲ.

"ಮರಿ ಗೂಡು ಇದ್ದಂಗ ಆತು" ಅಂದಳು ಲಗಮವ್ವ. "ದೊಡ್ಡ ಕುರಿ ತುಳೀಬಾರ್ದು ಅಂತ ಮರೀನ ಒಳಗ ಹಾಕ್ತೇವಲ್ಲ, ಹಂಗ."

"ಹಂಗನವ್ವಾ" ಅಂದ. ಅಭ್ಯಾಸಬಲದಿಂದ ತನ್ನ ನೀರಿನ ಬಾಟಲಿ ಅವಳ ಕಡೆ ಚಾಚಿದ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕಾಶೆವ್ವನ ಮನೆಯ ಕಡೆ ನಡೆದಳು. ಬಾಟಲಿ ಹಿಡಿದ ಕೈ ಹಾಗೇ ಉಳಿಯಿತು.

ಸಾಹೇಬರು ಹೇಳಿದಂತೆ ಬಂದರು. ತಾವೇ ನಿಚ್ಚಣಿಕೆ ಹತ್ತಿ, ಕಿಂಡಿಯೊಳಗೆ ತಲೆ ಹಾಕಿ ಬಹಳ ಹೊತ್ತು ನೋಡಿದರು. ಲಗಮವ್ವ ಅಡಿಗೆಮನೆಯ ಬಾಗಿಲಲ್ಲಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಇವತ್ತು ಒಳಗಿರು ಅಂತ ಯಾರೂ ಅಂದಿರಲಿಲ್ಲ. ಸಾಹೇಬರು ಇಳಿದು ಕೈ ಝಾಡಿಸಿಕೊಂಡರು.

"ಲೈಟಿನ ಸುತ್ತ ಜಾಗ ಬಿಟ್ಟೀ, ಛಲೋ ಆತು. ಮನಿ ತಂಪೂ ಐತಿ. ಮತ್ತ, ಇಲಿ ಹೋದ್ವೇನು?"

"ಹೋದ್ವು" ಅಂದುಬಿಟ್ಟರೆ ಮುಗಿಯಿತು, ಲಾಡ್ಜಿನ ಕೆಲಸ ಕೈಯಲ್ಲಿ. ಆದರೆ ಬಾಗಿಲಲ್ಲಿ ನಿಂತವಳ ತುಟಿ ಒಣಗಿದ್ದನ್ನು ಯಲ್ಲೇಶ ನೋಡಿದ.

"ಇಲಿ ಇರಲಿಲ್ರಿ ಸರ್" ಅಂದ. "ನಮ್ಮವ್ವ. ಇವ್ರು ನಮ್ಮವ್ವ. ನಾವು ಕುರಿ ಕಾಯೂ ಮಂದಿರಿ. ಕೂಸಿಗೆ ಝಳ ತಾಗತೈತಿ ಅಂತ ಉಣ್ಣಿ ಹಾಸಿದ್ರು. ನನಗ ಕೇಳಿನ ಹಾಸಿದ್ರು. ನಾ ಮೊಬೈಲ್ ನೋಡಕೋತ ಹೂಂ ಅಂದೆ. ನಿಮ್ಮ ಮುಂದ ಇಲಿ ಅಂದೆ." ತಾಯಿಯ ಕಡೆ ನೋಡಿದ. "ಹೊಲಸು ಅಂತ ಅಂದೆ."

ಸಾಹೇಬರು ಬೈಯಲಿಲ್ಲ. "ನನಗ ಅವತ್ತ ಗೊತ್ತಿತ್ತು" ಅಂದರು ಮೆತ್ತಗೆ. "ತಾಟಿನಾಗ ಬಿದ್ದದ್ದು ಹಿಂಜಿದ ಉಣ್ಣಿ. ಇಲಿ ಹಿಂಜತೈತೇನೋ ಯಲ್ಲೇಶ? ಮತ್ತ, ಅವ್ರು ಹೌದ್ರಿ ಅಂದಾಗ ನಾ ಅವ್ರ ಮುಖ ನೋಡಿದ್ನಿ. ನೀ ನೋಡಲಿಲ್ಲ."

ಲಾಡ್ಜಿನ ಮಾತು ಅವರು ಎತ್ತಲಿಲ್ಲ, ಇವನೂ ಕೇಳಲಿಲ್ಲ. ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದ. ಒಳಗೆ ಪಾತ್ರೆಯ ಸದ್ದಾಯಿತು. ನಳ ಬಿಟ್ಟ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಲಗಮವ್ವ ತಾಟಿನಲ್ಲಿ ಚಹಾದ ಕಪ್ಪುಗಳನ್ನಿಟ್ಟುಕೊಂಡು ಹೊರಗೆ ಬಂದಳು, ಮೊದಲ ಕಪ್ಪನ್ನು ಸಾಹೇಬರ ಮುಂದೆ ಹಿಡಿದಳು.

"ತಗೋರಿ ಯಪ್ಪಾ" ಅಂದಳು. "ಇಲಿ ಮಾಡಿದ ಚಾ ಐತಿ. ಕುಡೀತೀರೋ ಇಲ್ಲೋ?"

ಸಾಹೇಬರು ಗೊಳ್ಳೆಂದು ನಕ್ಕರು. ಶೈಲಾ ನಕ್ಕಳು. ಗೋಡೆಯಾಚೆ ಕಾಶೆವ್ವ ನಕ್ಕದ್ದೂ ಕೇಳಿಸಿತು. ಲಗಮವ್ವ ತನ್ನ ಕಪ್ಪು ತೆಗೆದುಕೊಂಡು ತೊಟ್ಟಿಲ ಪಕ್ಕ ನೆಲಕ್ಕೆ ಕೂತು, ಕಪ್ಪಿನ ಕೆಳಗಿನ ಬಸಿಗೆ ಸುರಿದುಕೊಂಡು, ಸೊರ್ ಅಂತ ಕುಡಿದಳು. ಯಲ್ಲೇಶನಿಗೆ ನಗು ಬರಲಿಲ್ಲ. ಅವಳು ಮಗನ ಮನೆಯ ನೀರನ್ನು ಗುಟುಕು ಗುಟುಕಾಗಿ ನುಂಗುವುದನ್ನು ನೋಡುತ್ತ ನಿಂತ. ಕೈಯಲ್ಲಿದ್ದ ಅವನ ಚಹಾ ಆರಿಹೋಯಿತು.